ಸ್ಲೈಡ್ ಕಲಿಯುವ ಗೆಳೆಯನಿಗೆ, ಬ್ಲೈಂಡ್ ವಿಲ್ಲಿ ಜಾನ್ಸನ್ ಬಗ್ಗೆ

ಪ್ರೀತಿಯ ಗೆಳೆಯಾ,

ಗಿಟಾರಿಗೆ ಸ್ಲೈಡ್, ಅಂದರೆ ತಂತಿಯ ಮೇಲೆ ಜಾರಿಸುವ ಗಾಜಿನ ಇಲ್ಲವೇ ಲೋಹದ ಕೊಳವೆ ತಗೊಂಡೆ, ಈಗ ಯಾರನ್ನು ಕೇಳಲಿ ಅಂತ ಬರೆದಿದ್ದೆಯಲ್ಲ. ಹತ್ತು ಹೆಸರು ಹೇಳಬಹುದು. ಸದ್ಯಕ್ಕೆ ಒಬ್ಬನೇ ಸಾಕು: ಬ್ಲೈಂಡ್ ವಿಲ್ಲಿ ಜಾನ್ಸನ್. ಅಮೆರಿಕದ ಟೆಕ್ಸಾಸಿನ ಬೀದಿಗಳಲ್ಲಿ ಹಾಡಿ ಬದುಕಿದ ಕಪ್ಪು ಜನಾಂಗದ ಗಾಯಕ. ಹಾಡಿದ್ದೆಲ್ಲ ದೇವರ ಹಾಡುಗಳೇ. ಆದರೆ ಅವನ ಗಿಟಾರ್ ಅಪ್ಪಟ ಬ್ಲೂಸ್, ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತ. ಸ್ಲೈಡ್ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಅವನ ಹತ್ತಿರ ಬಂದೇ ಬರುತ್ತಾರೆ.

ಹುಟ್ಟಿದ್ದು 1897ರ ಜನವರಿಯಲ್ಲಿ, ಟೆಂಪಲ್ ಅನ್ನೋ ಊರಿನ ಹತ್ತಿರದ ಪೆಂಡಲ್ಟನ್‌ನಲ್ಲಿ. ಬೆಳೆದದ್ದು ಮಾರ್ಲಿನ್‌ನಲ್ಲಿ. ಅಮ್ಮ ಬೇಗ ತೀರಿಕೊಂಡಳು, ಅಪ್ಪ ಇನ್ನೊಂದು ಮದುವೆಯಾದ. ಗಂಡ ಹೆಂಡಿರ ಜಗಳದಲ್ಲಿ ಮಲತಾಯಿ ಎರಚಿದ ಕ್ಷಾರದ ನೀರು ಹುಡುಗನ ಕಣ್ಣಿಗೆ ಬಿತ್ತು ಅಂತ ಎಷ್ಟೋ ವರ್ಷದ ಮೇಲೆ ಅವನ ಹೆಂಡತಿ ಆಂಜಲೀನ್ ಹೇಳಿದಳು. ಅವನದು ಅಂತ ಉಳಿದಿರುವುದು ಒಂದೇ ಒಂದು ಫೋಟೊ. ಅದರಲ್ಲಿ ಗಿಟಾರಿನ ತಲೆಯ ಹತ್ತಿರ ಒಂದು ತಗಡಿನ ಲೋಟ ಕಟ್ಟಿದೆ. ದಾರಿಹೋಕರು ಚಿಲ್ಲರೆ ಹಾಕಲಿ ಅಂತ.

ಈ ಲೋಟವನ್ನು ನೋಡಿ "ಅಯ್ಯೋ ಪಾಪ" ಅಂದು ಮುಂದೆ ಹೋಗುವವರೇ ಜಾಸ್ತಿ. ನನಗದು ಸರಿ ಕಾಣುವುದಿಲ್ಲ. ಅವನ ಕಷ್ಟ ನಿಜ. ಆದರೆ ಕಷ್ಟಪಟ್ಟವರೆಲ್ಲ ಹೀಗೆ ನುಡಿಸಲಿಲ್ಲವಲ್ಲ. ಅವನ ಕೈಯಲ್ಲಿ ಒಂದು ವಿದ್ಯೆ ಇತ್ತು. ನಾನು ನಿನಗೆ ಹೇಳಬೇಕಾಗಿರುವುದು ಆ ವಿದ್ಯೆಯ ಬಗ್ಗೆ.

ಮೊದಲು ಶ್ರುತಿ. ಓಪನ್ ಡಿ ಅಂತಾರೆ. ದಪ್ಪ ತಂತಿಯಿಂದ ಶುರುಮಾಡಿದರೆ ನಮ್ಮ ಲೆಕ್ಕದಲ್ಲಿ ಸ, ಪ, ಸ, ಗ, ಪ, ಸ. ಗಾಂಧಾರ ಅಂತರ ಗಾಂಧಾರ. ಎಡಗೈ ಮುಟ್ಟದೇ ಆರೂ ತಂತಿ ಮೀಟಿದರೂ ಸಾಕು, ಷಡ್ಜ ಪಂಚಮ ತುಂಬಿಕೊಂಡು ಬರುತ್ತದೆ. ಬಲಗೈ ಹೆಬ್ಬೆರಳು ಕೆಳಗಿನ ಸ್ವರಗಳನ್ನು ತಾಳ ಹಿಡಿದಂತೆ ಮೀಟುತ್ತಲೇ ಇರುತ್ತದೆ. ಮೇಲಿನ ತೆಳು ತಂತಿಯ ಮೇಲೆ ಸ್ಲೈಡ್ ಜಾರುತ್ತದೆ. ಅವನು ಸ್ವರದ ಮೇಲೆ ನೇರವಾಗಿ ಹೋಗಿ ಕೂರುವುದು ಕಡಿಮೆ. ಸ್ವಲ್ಪ ಕೆಳಗಿನಿಂದ ಹತ್ತಿ, ಮುಟ್ಟಿ, ಅಲ್ಲೇ ಸಣ್ಣಗೆ ಕಂಪಿಸುತ್ತಾನೆ. ಗೋಟುವಾದ್ಯ ಕೇಳಿ ಬೆಳೆದ ನಿನಗೆ ಈ ಜಾರು ಹೊಸದೇನಲ್ಲ, ಅಲ್ವಾ?

ಇನ್ನು ಅವನದೇ ಆದ ಚಮತ್ಕಾರ. ಸಾಲು ಹಾಡುತ್ತಾ ಹಾಡುತ್ತಾ ಕೊನೆಯ ಪದವನ್ನು ಬಾಯಿಂದ ಹೇಳುವುದೇ ಇಲ್ಲ. ಗಿಟಾರಿಗೆ ಬಿಟ್ಟುಬಿಡುತ್ತಾನೆ. ಆ ಪದದ ಏರಿಳಿತ, ಎಳೆತ, ಉಸಿರು ಎಲ್ಲ ತಂತಿಯಲ್ಲಿ ಬರುತ್ತದೆ. ಎರಡು ಸಾಲು ಕೇಳಿದ ಮೇಲೆ ಪದ ನಿನ್ನ ಕಿವಿಯಲ್ಲೇ ಹುಟ್ಟುತ್ತದೆ. ಅವನ ಗಿಟಾರ್ ಹಾಡಿನ ಪಕ್ಕವಾದ್ಯ ಅಲ್ಲ ಕಣೋ, ಅದು ಇನ್ನೊಂದು ಬಾಯಿ.

"ನೋಬಡೀಸ್ ಫಾಲ್ಟ್ ಬಟ್ ಮೈನ್" ಅನ್ನು ಇದಕ್ಕೋಸ್ಕರ ಕೇಳು. ಓದಲು ಕಲಿಸಿದ್ದರು, ಈಗ ನಾನು ಓದದೆ ಆತ್ಮ ಕಳೆದುಕೊಂಡರೆ ತಪ್ಪು ನನ್ನದೇ ಅನ್ನುತ್ತದೆ ಹಾಡು. ಓದಬೇಕಾದದ್ದು ಬೈಬಲ್. ಹಾಡುತ್ತಿರುವವನಿಗೆ ಕಣ್ಣೇ ಇಲ್ಲ. ಇದು ನೆನಪಾದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ತಂಡದವರು 1976ರಲ್ಲಿ ಇದನ್ನು ತಮ್ಮ ರಾಕ್ ಶೈಲಿಯಲ್ಲಿ ಹಾಡಿದ್ದಾರೆ. ನೀನು ಕಾಲೇಜಿನಲ್ಲಿ ಕೇಳಿರಬೇಕು. ಮೂಲ ಇವನದು.

ಅವನ ರೆಕಾರ್ಡಿಂಗ್ ಬದುಕು ಬಹಳ ಚಿಕ್ಕದು. ಕೊಲಂಬಿಯಾ ರೆಕಾರ್ಡ್ ಕಂಪನಿಯವರು 1927ರ ಡಿಸೆಂಬರ್ 3ರಂದು ಡಲ್ಲಾಸಿನಲ್ಲಿ ಮೊದಲ ಸಲ ಮೈಕಿನ ಮುಂದೆ ಕೂರಿಸಿದರು. ಅಂದು ಆರು ಹಾಡು. ಆಮೇಲೆ ಮತ್ತೆ ಡಲ್ಲಾಸ್, ನ್ಯೂ ಆರ್ಲಿಯನ್ಸ್, ಕೊನೆಗೆ 1930ರ ಏಪ್ರಿಲ್‌ನಲ್ಲಿ ಅಟ್ಲಾಂಟಾ. ಎಲ್ಲ ಸೇರಿ 30 ಹಾಡು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಜನರ ಕೈಯಲ್ಲಿ ದುಡ್ಡಿಲ್ಲ, ರೆಕಾರ್ಡ್ ಕೊಳ್ಳುವವರಿಲ್ಲ. ಮತ್ತೆ ಅವನು ರೆಕಾರ್ಡ್ ಮಾಡಲೇ ಇಲ್ಲ. ಬೀದಿಯಲ್ಲಿ ಹಾಡಿದ, ಬೋಧನೆ ಮಾಡಿದ.

ಆ ಆರರಲ್ಲಿ ಒಂದು, "ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್". ಹೆಸರು ಬಂದಿದ್ದು 18ನೇ ಶತಮಾನದ ಇಂಗ್ಲೆಂಡಿನ ಒಂದು ಪ್ರಾರ್ಥನಾ ಗೀತೆಯಿಂದ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಯೇಸು ನೆಲಕ್ಕೆ ಬಿದ್ದು ಪ್ರಾರ್ಥಿಸಿದ ಹೊತ್ತಿನ ಹಾಡದು. ಆದರೆ ಜಾನ್ಸನ್ ಒಂದು ಪದವನ್ನೂ ಹಾಡುವುದಿಲ್ಲ. ಬರೀ ಗುನುಗು, ನರಳಿಕೆ. ಕಪ್ಪು ಜನರ ಹಳೆಯ ಚರ್ಚುಗಳಲ್ಲಿ ಒಬ್ಬರು ಸಾಲು ಹೇಳಿಕೊಟ್ಟರೆ, ಉಳಿದವರು ಅದನ್ನು ಎಳೆದು ಎಳೆದು ಹಾಡುವ ಪದ್ಧತಿ ಇತ್ತು. ಇಲ್ಲಿ ಅವನೊಬ್ಬನೇ ಎರಡೂ. ಗಿಟಾರ್ ಒಂದು ಸಾಲು ಹೇಳುತ್ತದೆ, ಗಂಟಲು ಓಗೊಡುತ್ತದೆ. ಎಷ್ಟೋ ಕಡೆ ಯಾವುದು ತಂತಿ, ಯಾವುದು ಗಂಟಲು ಅಂತ ಗೊತ್ತಾಗುವುದಿಲ್ಲ. ಹೆಬ್ಬೆರಳಿನ ತಾಳವೂ ಇಲ್ಲಿ ಹೆಚ್ಚುಕಮ್ಮಿ ನಿಂತೇಹೋಗಿದೆ. ಆಲಾಪ ಕೇಳುವ ಹಾಗೆಯೇ ಕೇಳಬೇಕು.

ನಿನಗೆ ಖುಷಿಯಾಗುವ ಸಂಗತಿ ಇದೆ. 1977ರಲ್ಲಿ ನಾಸಾದವರು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ರೆಕಾರ್ಡ್ ಕಳಿಸಿದರಲ್ಲ, ಅದರಲ್ಲಿ ಈ ಹಾಡಿದೆ. ಅದರ ಹಿಂದಿನ ಹಾಡು ಯಾರದು ಗೊತ್ತಾ? ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ! ನಿನ್ನ ಮಲ್ಲಿಕಾರ್ಜುನ ಮನ್ಸೂರರ ಜೈಪುರ ಘರಾಣೆಯವರೇ. ಮುಂದಿನದು ಬೀಥೋವನ್. ಕನ್ನಡಿಗರ ಪರವಾಗಿ ಶುಭಾಶಯ ಹೇಳುವ ದನಿಯೊಂದೂ ಅದೇ ತಟ್ಟೆಯಲ್ಲಿದೆ. ಭೈರವಿ ಮುಗಿದ ಕೂಡಲೇ ಜಾನ್ಸನ್‌ನ ಸ್ಲೈಡ್ ಶುರುವಾಗುವಂತೆ ಎರಡನ್ನೂ ಒಂದಾದಮೇಲೊಂದು ಹಾಕಿ ಕೇಳು. ಯಾರು ಆ ಸಾಲು ಜೋಡಿಸಿದರೋ, ಅವರ ಕಿವಿಗೆ ನನ್ನ ನಮಸ್ಕಾರ.

ಅಮೆರಿಕದ ಸ್ಲೈಡ್ ಗಿಟಾರ್ ವಾದಕ ರೈ ಕೂಡರ್ 1984ರಲ್ಲಿ "ಪ್ಯಾರಿಸ್, ಟೆಕ್ಸಾಸ್" ಸಿನಿಮಾದ ಸಂಗೀತವನ್ನು ಈ ಹಾಡಿನ ಮೇಲೆಯೇ ಕಟ್ಟಿದ. ಅದೇ ಕೂಡರ್ ಮುಂದೆ ನಮ್ಮ ಮೋಹನವೀಣೆಯ ವಿಶ್ವಮೋಹನ ಭಟ್ಟರ ಜೊತೆ ಕೂತು ನುಡಿಸಿದ್ದು ನಿನಗೆ ಗೊತ್ತೇ ಇದೆ.

ಇಷ್ಟೆಲ್ಲ ಆಗಿದ್ದು ಜಾನ್ಸನ್ ತೀರಿಹೋದ ಎಷ್ಟೋ ವರ್ಷಕ್ಕೆ. 1945ರಲ್ಲಿ ಅವನು ಬೋಮಾಂಟ್ ಊರಿನಲ್ಲಿದ್ದ, ಮನೆಯಲ್ಲೇ ಪ್ರಾರ್ಥನಾ ಮಂದಿರ ನಡೆಸುತ್ತಿದ್ದ. ಆ ಮನೆಗೆ ಬೆಂಕಿ ಬಿತ್ತು. ಹೋಗಲು ಬೇರೆ ಜಾಗವಿಲ್ಲದೆ, ಒದ್ದೆ ಹಾಸಿಗೆಯ ಮೇಲೆ ಪೇಪರ್ ಹಾಸಿಕೊಂಡು ಅಲ್ಲೇ ಮಲಗಿದರಂತೆ. ಜ್ವರ ಬಂತು. ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳಲಿಲ್ಲ ಅಂತ ಆಂಜಲೀನ್ ಹೇಳಿದ್ದಾಳೆ. ಸೆಪ್ಟೆಂಬರ್ 18ರಂದು ತೀರಿಕೊಂಡ. ಮರಣಪತ್ರದಲ್ಲಿ ಬರೆದಿರುವುದು ಮಲೇರಿಯಾ ಜ್ವರ. ಇದನ್ನು ಓದಿದಾಗ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಆ ಊರಿನಲ್ಲಿ ಬಡ ಕಪ್ಪು ಮನುಷ್ಯನಿಗೆ ಒಂದು ಒಣಗಿದ ಹಾಸಿಗೆ ಸಿಗಲಿಲ್ಲ.

ಮೇಲೆ ಹೇಳಿದ ಆ ಎರಡು ಹಾಡುಗಳ ಜೊತೆಗೆ ಇನ್ನು ಮೂರು ಹೇಳುತ್ತೇನೆ. "ಜೀಸಸ್ ಈಸ್ ಕಮಿಂಗ್ ಸೂನ್", 1918ರ ಫ್ಲೂ ಜ್ವರದ ಬಗ್ಗೆ. ಜನ ಎಲ್ಲೆಲ್ಲೂ ಸಾಯುತ್ತಿದ್ದುದನ್ನು ಪೇಪರಿನ ಸುದ್ದಿಯಂತೆ ಹಾಡುತ್ತಾನೆ. ಕೋವಿಡ್ ನೋಡಿದ ನಮಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. "ಜಾನ್ ದ ರೆವೆಲೇಟರ್"ನಲ್ಲಿ ವಿಲ್ಲಿ ಬಿ. ಹ್ಯಾರಿಸ್ ಅನ್ನೋ ಹೆಂಗಸು ಜೊತೆಗಿದ್ದಾಳೆ. ಅವನು ಗುಡುಗುವ ಹಾಗೆ ಪ್ರಶ್ನೆ ಕೇಳುತ್ತಾನೆ, ಅವಳು ಸಮಾಧಾನವಾಗಿ ಉತ್ತರ ಕೊಡುತ್ತಾಳೆ. ಆಮೇಲೆ "ಲೆಟ್ ಯುವರ್ ಲೈಟ್ ಶೈನ್ ಆನ್ ಮಿ". ಇದು ಅವನ ದನಿಗೋಸ್ಕರ. ಮೊದಲು ತನ್ನ ಸಹಜ ಕಂಠದಲ್ಲಿ, ನವಿರಾಗಿ, ನಿಧಾನಕ್ಕೆ ಹಾಡುತ್ತಾನೆ. ಆಮೇಲೆ ಲಯ ಏರುತ್ತದೆ, ಅದೇ ಮನುಷ್ಯ ಅದೇ ಸಾಲನ್ನು ಗಂಟಲು ಹರಿಯುವಂತೆ ಗೊಗ್ಗರು ದನಿಯಲ್ಲಿ ಎತ್ತುತ್ತಾನೆ. ಆ ಒರಟು ದನಿ ಹುಟ್ಟಿನಿಂದ ಬಂದದ್ದಲ್ಲ, ಬೇಕೆಂದೇ ಮಾಡಿಕೊಂಡದ್ದು ಅಂತ ಈ ಒಂದು ಹಾಡಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಎಲ್ಲಿ ಬದಲಾಯಿಸುತ್ತಾನೆ ನೋಡಿ ನನಗೆ ಬರಿ.

ನಿನ್ನ ಗೆಳೆಯ