ಲಿಪ್‌ಸ್ಟಿಕ್ ಮಾರುವ ಜಾಲತಾಣವನ್ನು ಅಳೆಯುವುದು ಹೇಗೆ?

ಮಾನ್ಯರೇ,

ಹಬ್ಬದ ರಿಯಾಯಿತಿ ಹತ್ತಿರ ಬಂದಂತೆ ಸೌಂದರ್ಯವರ್ಧಕ ಕಂಪನಿಗಳ ಜಾಲತಾಣಗಳು ಹೊಸ ವೇಷ ಹಾಕುತ್ತವೆ. ಕಚೇರಿಯ ದೊಡ್ಡ ಪರದೆಯಲ್ಲಿ ನೋಡಿ ಒಪ್ಪಿಗೆ ಕೊಟ್ಟ ಪುಟವನ್ನು ಕೊಳ್ಳುವವರು ತೆರೆಯುವುದು ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ, ಅದೂ ಬಸ್ಸಿನಲ್ಲೋ ಬಿಸಿಲಲ್ಲೋ. ಅಂಗಿಯ ಅಳತೆ ಸರಿಹೋಗದಿದ್ದರೆ ಬದಲಾಯಿಸಿಕೊಳ್ಳಬಹುದು. ಒಮ್ಮೆ ತೆರೆದ ಲಿಪ್‌ಸ್ಟಿಕ್ಕನ್ನು ಸಾಮಾನ್ಯವಾಗಿ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಪುಟ ತಪ್ಪು ಹೇಳಿದರೆ ದಂಡ ಕಟ್ಟುವವರು ಗ್ರಾಹಕರೇ. ಜಾಲತಾಣಗಳ ಬಳಕೆ ಪರೀಕ್ಷೆ ನಮ್ಮ ಕಸುಬಾದ್ದರಿಂದ ಕೆಲವು ಮಾತು.

ಹೆಚ್ಚು ಎಡವಟ್ಟಾಗುವುದು ಬಣ್ಣದ ಆಯ್ಕೆಯಲ್ಲಿ. ಫೌಂಡೇಶನ್ (ಮುಖಕ್ಕೆ ಹಚ್ಚುವ ಮೈಬಣ್ಣದ ಲೇಪ) ಪುಟದಲ್ಲಿ ಮೂವತ್ತು-ನಲವತ್ತು ಬಣ್ಣದ ಚುಕ್ಕಿಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಒಂದನ್ನು ಮುಟ್ಟಿದರೆ ಪಕ್ಕದ್ದು ಆಯ್ಕೆಯಾಗುತ್ತದೆ. ಜಾಲತಾಣಗಳು ಎಲ್ಲರ ಬಳಕೆಗೂ ಒದಗುವಂತಿರಲು ರೂಪಿಸಿದ ಅಂತರರಾಷ್ಟ್ರೀಯ ಮಾನದಂಡ ಡಬ್ಲ್ಯುಸಿಎಜಿ 2.2ರ ಪ್ರಕಾರ ಬೆರಳಿಡುವ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದ-ಅಗಲ ಇರಬೇಕು, ಇಲ್ಲವೇ ಪಕ್ಕದ್ದರಿಂದ ಸಾಕಷ್ಟು ತೆರಪಾದರೂ ಇರಬೇಕು. ಇನ್ನು ಚುಕ್ಕಿಯ ಬಣ್ಣವಂತೂ ಎಷ್ಟೋ ಕಡೆ ಟ್ಯೂಬಿನ ಫೋಟೊದಿಂದ ಹೆಕ್ಕಿದ್ದು. ಚರ್ಮಕ್ಕೆ ಹಚ್ಚಿ ಆರಿದ ಮೇಲೆ ಕಾಣುವ ಬಣ್ಣವೇ ಬೇರೆ. ಕೆಲವು ಫೌಂಡೇಶನ್‌ಗಳು ಹಚ್ಚಿದ ಸ್ವಲ್ಪ ಹೊತ್ತಿಗೆ ಇನ್ನಷ್ಟು ಗಾಢವಾಗುತ್ತವೆ. ರಾತ್ರಿ ಫೋನಿನ ಪರದೆ ಹಳದಿಗೆ ತಿರುಗಿದ್ದರೆ ಎಲ್ಲ ಚುಕ್ಕಿಗಳೂ ಒಂದೇ ಥರ. ಕ್ಯಾಮೆರಾದಲ್ಲಿ ಮುಖಕ್ಕೆ ಬಣ್ಣ ಬಳಿದು ತೋರಿಸುವ ಸೌಲಭ್ಯ ನೋಡಲು ಮಜವಾಗಿದೆ, ಆದರೆ ಹಲವು ಕಡೆ ಅದು ತುಟಿಯ ಸಹಜ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದಕ್ಕಿಂತ ಬಿಳಿ, ಗೋಧಿ, ಕಪ್ಪು ಮೈಬಣ್ಣದ ಮೂರು ಕೈಗಳ ಮೇಲೆ ಹಚ್ಚಿ, ಹಗಲು ಬೆಳಕಿನಲ್ಲಿ ತಿದ್ದದೆ ತೆಗೆದ ಒಂದು ಫೋಟೊ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಛಾಯೆ ಹಳದಿಗೆ ವಾಲುತ್ತದೋ ಗುಲಾಬಿಗೋ ಎಂದು ಅಕ್ಷರದಲ್ಲೂ ಬರೆಯಬೇಕು.

ಎರಡನೆಯದು ಪದಾರ್ಥಗಳ ಪಟ್ಟಿ. ಡಬ್ಬಿಯ ಹಿಂಭಾಗದ ಫೋಟೊ ಅಂಟಿಸಿ ಕೈತೊಳೆದುಕೊಳ್ಳುವುದು ಸಾಮಾನ್ಯ. ದೊಡ್ಡದು ಮಾಡಿದರೆ ಅಕ್ಷರ ಒಡೆಯುತ್ತವೆ. ದೃಷ್ಟಿದೋಷವಿರುವವರ ಫೋನು ಅದನ್ನು ಓದಿ ಹೇಳಲಾರದು. ಸುಗಂಧದಿಂದ ಅಲರ್ಜಿ ಇರುವವರು ಪುಟದಲ್ಲಿ ಆ ಪದ ಹುಡುಕಿದರೆ ಸಿಗುವುದಿಲ್ಲ. ಪಟ್ಟಿ ಅಕ್ಷರದಲ್ಲೇ ಇರಬೇಕು, ಕ್ರಮವೂ ಲೇಬಲ್‌ನಲ್ಲಿ ಇರುವಂತೆಯೇ ಇರಬೇಕು. ಕಾಸ್ಮೆಟಿಕ್ಸ್ ರೂಲ್ಸ್ 2020ರ ಪ್ರಕಾರ ಲೇಬಲ್‌ನಲ್ಲಿ ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕು; ಶೇ 1 ಮತ್ತು ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಓದುಗರಿಗೆ ಒಂದು ಸುಳಿವು: ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇ 1ರ ಒಳಗೇ ಬಳಸುತ್ತಾರೆ. ಪುಟದ ತಲೆಯ ಮೇಲೆ ರಾರಾಜಿಸುವ ಕೇಸರಿಯ ಹೆಸರು ಪದಾರ್ಥಗಳ ಪಟ್ಟಿಯಲ್ಲಿ ಇದರ ನಂತರ ಬಂದಿದ್ದರೆ ಎಷ್ಟಿದ್ದೀತು ಎಂದು ಊಹಿಸಿಕೊಳ್ಳಿ. ತಯಾರಾದ ತಿಂಗಳನ್ನು ಪುಟದಲ್ಲಿ ತೋರಿಸುವುದರಿಂದ ಪ್ಯಾಕೇಜ್ಡ್ ಸರಕುಗಳ ನಿಯಮವೇ ಆನ್‌ಲೈನ್ ಮಾರಾಟಕ್ಕೆ ವಿನಾಯಿತಿ ಕೊಟ್ಟಿದೆ. ಆದರೂ ಅರ್ಧ ಬೆಲೆಗೆ ಕೊಡುವ ಸನ್‌ಸ್ಕ್ರೀನ್‌ನ ಅವಧಿ ಯಾವಾಗ ಮುಗಿಯುತ್ತದೆ ಎಂದು ತಿಳಿಸಿದರೆ ಕಂಪನಿಯ ಗಂಟೇನೂ ಹೋಗುವುದಿಲ್ಲ.

ಇನ್ನು ಬಿಲ್ಲು. ₹520ರ ಸಾಮಾನು ಆರಿಸಿದ್ದೀರಿ, ₹499ರ ಮೇಲೆ ಸಾಗಣೆ ಉಚಿತ. ಶೇ 10ರ ಕೂಪನ್ ಹಾಕಿದರೆ ₹52 ಕಡಿತವಾಗಿ ₹468. ಮಿತಿಗಿಂತ ಕೆಳಗಿಳಿದದ್ದರಿಂದ ₹50 ಸಾಗಣೆ ಸೇರಿ ₹518. ಉಳಿದದ್ದು ₹2! ರಿಯಾಯಿತಿ ಕಳೆದ ಮೇಲೆ ಮಿತಿಯನ್ನು ಲೆಕ್ಕ ಹಾಕುವಂತೆ ಪ್ರೋಗ್ರಾಂ ಬರೆದಿರುವುದೇ ಇದಕ್ಕೆ ಕಾರಣ. ಅದು ಅವರಿಷ್ಟ; ಆದರೆ ಕೂಪನ್ ಹಾಕಿದ ಜಾಗದಲ್ಲೇ ಹೇಳಬೇಕು. ಶುಲ್ಕಗಳನ್ನು ಕೊನೆಯ ಹಂತದವರೆಗೆ ಮುಚ್ಚಿಡುವುದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು ಇವೆಲ್ಲ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಪ್ರಕಟಿಸಿದ ಮಾರ್ಗಸೂಚಿ ಪಟ್ಟಿ ಮಾಡಿರುವ 13 ವಂಚಕ ವಿನ್ಯಾಸಗಳಲ್ಲಿ ಸೇರಿವೆ. ‘ಇನ್ನು 9 ನಿಮಿಷ ಮಾತ್ರ’ ಎಂಬ ಗಡಿಯಾರ ನಿಜವೋ ಎಂದು ನೋಡಬೇಕಾದರೆ ಅದೇ ಪುಟವನ್ನು ಬ್ರೌಸರ್‌ನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ತೆರೆಯಿರಿ. ಮತ್ತೆ 9ರಿಂದಲೇ ಶುರುವಾದರೆ ಗೊತ್ತಾಯಿತಲ್ಲ.

ನಕ್ಷತ್ರಗಳ ಸರಾಸರಿಯನ್ನೂ ನೆಚ್ಚುವಂತಿಲ್ಲ. 24 ಛಾಯೆಗಳ ವಿಮರ್ಶೆಗಳನ್ನೂ ಒಂದೇ ಕಡೆ ಸುರಿದಿರುತ್ತಾರೆ. ನೀವು ನೋಡುತ್ತಿರುವ ಛಾಯೆಗೆ ಬಂದದ್ದು ಎಷ್ಟೋ!

ಕಂಪನಿಗಳು ಇದನ್ನೆಲ್ಲ ಪರೀಕ್ಷಿಸಲು ದೊಡ್ಡ ಖರ್ಚೇನೂ ಇಲ್ಲ. ಜಾಲತಾಣಕ್ಕೆ ಹೊಸಬರಾದ ಐದು ಜನರನ್ನು ಕೂರಿಸಿ, ಅವರದೇ ಫೋನು, ಮೊಬೈಲ್ ಡೇಟಾ. ‘₹500ರೊಳಗೆ ಸುಗಂಧವಿಲ್ಲದ ಮಾಯಿಶ್ಚರೈಸರ್ ಹುಡುಕಿ’, ‘ನಿಮ್ಮ ಮೈಬಣ್ಣಕ್ಕೆ ಫೌಂಡೇಶನ್ ಆರಿಸಿ’, ‘ಒಡೆದ ಬಾಟಲಿ ಬಂದರೆ ಯಾರಿಗೆ ದೂರು ಕೊಡುತ್ತೀರಿ, ತೋರಿಸಿ’ ಎನ್ನಿ. ಬಾಯಿ ಬಿಡಬೇಡಿ, ಎಲ್ಲಿ ತಡವರಿಸಿದರು, ಎಷ್ಟು ಸಲ ಹಿಂದಕ್ಕೆ ಹೋದರು ಎಂದು ಬರೆದುಕೊಳ್ಳಿ. ಒಬ್ಬರಾದರೂ ಹುಡುಕುವ ಜಾಗದಲ್ಲಿ ‘ಕಾಡಿಗೆ’ ಎಂದು ಕನ್ನಡದಲ್ಲಿ ಟೈಪ್ ಮಾಡಲಿ. ಪುಟದ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಮೂಡದಿದ್ದರೆ ಮೊದಲು ಮೇಲ್ಗಡೆಯ ವಿಡಿಯೊ ತೆಗೆಯಿರಿ. ಬಿಳಿ ಹಿನ್ನೆಲೆಯ ಮೇಲೆ ತೆಳು ಗುಲಾಬಿ ಅಕ್ಷರ ಈ ಉದ್ಯಮದ ಚಟ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ 4.5:1 ಅನುಪಾತದ ವ್ಯತ್ಯಾಸವಾದರೂ ಇರಲಿ.

ಇ-ವಾಣಿಜ್ಯ ನಿಯಮಗಳು 2020ರಂತೆ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ಜಾಲತಾಣದಲ್ಲಿ ಇರಲೇಬೇಕು. ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಮಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಮೊದಲು ಬುಟ್ಟಿಯಲ್ಲಿ ತೋರಿಸಿದ ಮೊತ್ತ, ಹಣ ಕಟ್ಟುವಾಗ ಬಂದ ಮೊತ್ತ ಎರಡರ ಸ್ಕ್ರೀನ್‌ಶಾಟ್ ಮತ್ತು ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ.

– ಜಾಲತಾಣ ಬಳಕೆ ಪರೀಕ್ಷಕರು, ಬೆಂಗಳೂರು