ಟರ್ಬೊ ಕೂರಿಸುವ ಮೊದಲು ಪಂಪ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಡೀಸೆಲ್ ಪಿಕಪ್‌ಗಳಿಗೆ ಟರ್ಬೊ (ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಚಕ್ರ), ಇಂಟರ್‌ಕೂಲರ್ (ಆ ಗಾಳಿಯನ್ನು ತಂಪು ಮಾಡುವ ಭಾಗ) ಕೂರಿಸಿಕೊಂಡು ಘಾಟಿ ಹತ್ತಿಸುತ್ತಿರುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ನಾನು ಸಕಲೇಶಪುರದಲ್ಲಿ ಎಂಜಿನ್‌ಗೆ ಡೀಸೆಲ್ ಅಳೆದು ಕಳಿಸುವ ಪಂಪ್, ಅದನ್ನು ಸಿಲಿಂಡರ್ ಒಳಗೆ ಸಿಂಪಡಿಸುವ ನಾಝಲ್, ಇವುಗಳ ರಿಪೇರಿ ಮಾಡುವವನು. ಈಗ ಅಂಗಡಿಗೆ ಬರುವವರೆಲ್ಲ ಅದೇ ಪೇಪರ್ ಮಡಚಿ ಜೇಬಲ್ಲಿಟ್ಟುಕೊಂಡು ಬಂದು, "ಅಣ್ಣಾ, ನಮ್ಮ ಗಾಡಿಗೂ ಒಂದು ಹಾಕಿಸೋಣ್ವಾ" ಅಂತ ಕೇಳುತ್ತಿದ್ದಾರೆ. ಟರ್ಬೊದಿಂದ ಲಾಭ ಇದೆ ಅಂತ ಬರಹದಲ್ಲಿ ಇದ್ದದ್ದು ಸುಳ್ಳಲ್ಲ. ಆದರೆ ಎಂಜಿನ್ ಉಳಿಸುವ ವಿಷಯವೇ ಅದರಲ್ಲಿ ಬಿಟ್ಟುಹೋಗಿದೆ.

ನಮ್ಮ ಕಡೆ ಓಡುವ ಹಳೆಯ ಟಾಟಾ 207 ಡಿಐ ತೆಗೆದುಕೊಳ್ಳಿ. ನಾಲ್ಕು ಸಿಲಿಂಡರ್, 2956 ಸಿಸಿ, ಟರ್ಬೊ ಇಲ್ಲ. ತಾನೇ ಎಳೆದುಕೊಂಡಷ್ಟು ಗಾಳಿ ಮಾತ್ರ ಅದಕ್ಕೆ ಸಿಗುವುದು. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲೆ ಬಂದರೆ ಗಾಳಿಯೇ ಶೇ 10ರಷ್ಟು ತೆಳು. ಪಂಪ್‌ಗೆ ಇದು ಗೊತ್ತಾಗುವುದಿಲ್ಲ. ಮಂಗಳೂರಿನಲ್ಲಿ ಎಷ್ಟು ಡೀಸೆಲ್ ಕೊಡುತ್ತೋ ಕೊಟ್ಟಿಗೆಹಾರದಲ್ಲೂ ಅಷ್ಟೇ ಕೊಡುತ್ತದೆ. ಅದಕ್ಕೇ ಚಾರ್ಮಾಡಿ ಹತ್ತುವಾಗ ಲೋಡಾದ ಗಾಡಿ ಹೊಗೆ ಕಾರುತ್ತದೆ, ಎಳೆಯುವುದಿಲ್ಲ. ಇಂಥ ಕಡೆ ಟರ್ಬೊ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಂಪನಿಯೇ ಇದೇ ಸಿಸಿಯ ಎಂಜಿನ್‌ಗೆ ಟರ್ಬೊ, ಇಂಟರ್‌ಕೂಲರ್ ಹಾಕಿ 497 ಟಿಸಿಐಸಿ ಅಂತ ಮಾರಿತು. ಅದರ ಹಳೆಯ ಟರ್ಬೊ, ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೊಗೆ ಕೊಡುವ ಮ್ಯಾನಿಫೋಲ್ಡ್ ಗುಜರಿಯಲ್ಲಿ ಸಿಗುತ್ತವೆ. ತಂದು ಕೂರಿಸುತ್ತಾರೆ.

ಸರಿ, ಕೂರಿಸಿದರು. ಪಂಪ್ ಮುಟ್ಟಲಿಲ್ಲ ಅಂತಿಟ್ಟುಕೊಳ್ಳಿ. ಹೊಗೆ ಕಡಿಮೆಯಾಗುತ್ತದೆ, ಎಂಜಿನ್ ಸ್ವಲ್ಪ ಹಗುರಾಗಿ ಓಡುತ್ತದೆ, ಅಷ್ಟೇ. ಡೀಸೆಲ್ ಎಂಜಿನ್‌ನಲ್ಲಿ ಬಲ ಬರುವುದು ಡೀಸೆಲ್‌ನಿಂದ, ಬರೀ ಗಾಳಿಯಿಂದಲ್ಲ. ಎರಡು ದಿನ ಓಡಿಸಿ ಮಾಲೀಕರು ವಾಪಸ್ ಬರುತ್ತಾರೆ. "ದುಡ್ಡು ಸುರಿದೆ, ಅಷ್ಟೇನೂ ಎಳೀತಿಲ್ಲ." ಆಗ ಯಾರೋ ಒಬ್ಬ ಸ್ಪ್ಯಾನರ್ ತೆಗೆದುಕೊಂಡು ಪಂಪಿನ ಸೀಲ್ ಒಡೆದು ಡೀಸೆಲ್ ಹೆಚ್ಚಿಸುವ ಸ್ಕ್ರೂ ತಿರುಗಿಸುತ್ತಾನೆ. ಗಾಡಿ ಓಡುತ್ತದೆ ನೋಡಿ! ಮಾಲೀಕ ಖುಷಿ, ಮೆಕ್ಯಾನಿಕ್ ಖುಷಿ. ಎಂಜಿನ್ ಹಾಳಾಗಲು ಶುರುವಾಗುವುದು ಆ ಹೊತ್ತಿನಿಂದ.

ಎಷ್ಟು ತಿರುಗಿಸಬೇಕು ಅನ್ನುವುದು ಕಿವಿಯಿಂದ ಗೊತ್ತಾಗುವ ವಿಷಯ ಅಲ್ಲ. ಪಂಪ್ ಇಳಿಸಿ ಟೆಸ್ಟ್ ಬೆಂಚ್ ಮೇಲೆ ಕೂರಿಸಬೇಕು. ನಾಲ್ಕೂ ಲೈನಿಗೆ ಸಮನಾಗಿ ಡೀಸೆಲ್ ಬೀಳುತ್ತಿದೆಯಾ ಅಂತ ಗಾಜಿನ ಕೊಳವೆಯಲ್ಲಿ ಅಳೆಯಬೇಕು. ನಾಝಲ್ ಸರಿಯಾಗಿ ಸ್ಪ್ರೇ ಮಾಡುತ್ತಿದೆಯಾ, ತೊಟ್ಟಿಕ್ಕುತ್ತಿದೆಯಾ ನೋಡಬೇಕು. ಇದಕ್ಕೆ ಅರ್ಧ ದಿನ ಬೇಕು. ಆ ಅರ್ಧ ದಿನ ಕೊಡಲು ಯಾರಿಗೂ ಪುರುಸೊತ್ತಿಲ್ಲ, ಟರ್ಬೊಗೆ ಮಾತ್ರ ಎಷ್ಟು ಬೇಕಾದರೂ ಕೊಡುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಪೆಟ್ರೋಲ್ ಗಾಡಿ ನೋಡಿದವರು ಇಂಧನ ಜಾಸ್ತಿ ಕೊಟ್ಟರೆ ಎಂಜಿನ್ ತಂಪಾಗಿರುತ್ತದೆ ಅಂದುಕೊಳ್ಳುತ್ತಾರೆ. ಡೀಸೆಲ್‌ನಲ್ಲಿ ಇದು ಉಲ್ಟಾ. ಡೀಸೆಲ್ ಜಾಸ್ತಿಯಾದಷ್ಟೂ ಬೆಂಕಿ ಜಾಸ್ತಿ. ಟರ್ಬೊಗೆ ಹೋಗುವ ಮೊದಲು ಎಕ್ಸಾಸ್ಟ್ ಬಿಸಿ 700 ಡಿಗ್ರಿ ದಾಟಿ ಅಲ್ಲೇ ನಿಂತರೆ ಅಪಾಯ. ಪಿಸ್ಟನ್ ಇರುವುದು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಮೆತ್ತಗಾಗುವುದು ಅದಕ್ಕೂ ಬಹಳ ಮೊದಲೇ. ಅದಕ್ಕೇ ಟರ್ಬೊ ಎಂಜಿನ್ ಮಾಡುವ ಕಂಪನಿಗಳು ಪಿಸ್ಟನ್ ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಂಪು ಮಾಡುವ ಜೆಟ್ ಇಡುತ್ತವೆ, ಆಯಿಲ್ ಕೂಲರ್ ಇಡುತ್ತವೆ. ಗುಜರಿಯಿಂದ ಟರ್ಬೊ ತಂದವರು ಈ ಜೆಟ್ ತಂದಿರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ರೇಡಿಯೇಟರ್ ನೀರಿನ ಬಿಸಿ ತೋರಿಸುವ ಮೀಟರ್ ನೋಡಿಕೊಂಡು "ನಾರ್ಮಲ್ ಇದೆಯಲ್ಲ" ಅನ್ನುತ್ತಾರೆ. ನೀರು ಬಿಸಿಯಾಗುವ ಹೊತ್ತಿಗೆ ಪಿಸ್ಟನ್ ಕಥೆ ಮುಗಿದಿರುತ್ತದೆ. ಮ್ಯಾನಿಫೋಲ್ಡ್‌ಗೆ ತೂತು ಹಾಕಿ ಎಕ್ಸಾಸ್ಟ್ ಬಿಸಿ ತೋರಿಸುವ ಮೀಟರ್ ಹಾಕಿಸಿ ಅಂದರೆ ನನ್ನನ್ನೇ ದುಡ್ಡು ಕೀಳುವವನು ಅಂತ ನೋಡುತ್ತಾರೆ.

ಕಳೆದ ಕಾಫಿ ಸೀಸನ್ನಿನಲ್ಲಿ ಇಂಥದೊಂದು ಎಂಜಿನ್ ನಮ್ಮ ಪಕ್ಕದ ಶೆಡ್‌ನಲ್ಲಿ ಬಿಚ್ಚಿದರು. ಟರ್ಬೊ ಕೂರಿಸಿದ್ದು ಬೇರೆ ಊರಲ್ಲಿ. ಒಂದು ಪಿಸ್ಟನ್ ತಲೆಯಲ್ಲಿ ಬೆರಳು ಹೋಗುವಷ್ಟು ತೂತು, ಉಳಿದ ಮೂರು ಚೆನ್ನಾಗಿಯೇ ಇದ್ದವು. ಮಾಲೀಕರು ಟರ್ಬೊಗೆ ಬೈಯುತ್ತಿದ್ದರು. ಆ ಸಿಲಿಂಡರಿನ ನಾಝಲ್ ತಂದು ನನ್ನ ಬೆಂಚಿಗೆ ಹಾಕಿದರೆ ಮುಚ್ಚದ ನಲ್ಲಿ ಹಾಗೆ ತೊಟ್ಟಿಕ್ಕುತ್ತಿತ್ತು. ಟರ್ಬೊ ಇಲ್ಲದಿದ್ದರೆ ಅದೇ ನಾಝಲ್ ಹೊಗೆ ಉಗುಳಿಕೊಂಡು ಇನ್ನೊಂದು ವರ್ಷ ಓಡುತ್ತಿತ್ತೇನೋ. ಜಾಸ್ತಿ ಡೀಸೆಲ್ ತಳ್ಳಿದ ಮೇಲೆ ಪಿಸ್ಟನ್ ತಡೆಯಲಿಲ್ಲ.

ಘಾಟಿಯ ತಿರುವಿನಲ್ಲಿ ಬೇರೆಯೇ ತೊಂದರೆ. ಫಸ್ಟ್ ಗೇರ್‌ಗೆ ಇಳಿಸಿ ಸ್ಟಿಯರಿಂಗ್ ತಿರುಗಿಸುವಾಗ ಎಂಜಿನ್ ಸ್ಪೀಡ್ ಕಡಿಮೆ, ಟರ್ಬೊ ಇನ್ನೂ ಸುತ್ತು ಹಿಡಿದಿರುವುದಿಲ್ಲ. ಗಾಳಿ ಬಂದಿರುವುದಿಲ್ಲ, ಡೀಸೆಲ್ ಮಾತ್ರ ಪೂರ್ತಿ ಬರುತ್ತದೆ. ಹಿಂದೆ ಬರುವ ಬೈಕಿನವರ ಮುಖಕ್ಕೆ ಕಪ್ಪು ಹೊಗೆ. ಟರ್ಬೊ ಎಂಜಿನ್‌ಗೆ ಅಂತಲೇ ಮಾಡಿದ ಪಂಪ್‌ನಲ್ಲಿ ಒಂದು ಡಯಾಫ್ರಂ, ಅಂದರೆ ಒತ್ತಡಕ್ಕೆ ಬಾಗುವ ತೆಳು ಪೊರೆ ಇರುತ್ತದೆ. ಗಾಳಿಯ ಒತ್ತಡ ಏರಿದ ಮೇಲೆಯೇ ಅದು ಜಾಸ್ತಿ ಡೀಸೆಲ್ ಬಿಡುವುದು. ಹಳೆಯ ಮೈಕೋ ಕಂಪನಿಯ ಪಂಪ್‌ಗಳಲ್ಲಿ ಅದಿಲ್ಲದಿದ್ದರೆ ಪಂಪೇ ಬದಲಿಸಬೇಕು. ಬದಲಿಸುವುದಿಲ್ಲ ಅಂದರೆ ಡೀಸೆಲ್ ಜಾಸ್ತಿ ಮಾಡುವ ಆಸೆ ಬಿಡಬೇಕು.

ಇಂಟರ್‌ಕೂಲರ್ ಬಗ್ಗೆ ನಿಮ್ಮ ಬರಹದಲ್ಲಿ ಒಂದೇ ಸಾಲು ಇತ್ತು, "ಬೇಕಿದ್ದರೆ ಹಾಕಿಸಿಕೊಳ್ಳಬಹುದು" ಅಂತ. ಲೆಕ್ಕ ಹಾಕಿ ನೋಡಿ. 30 ಡಿಗ್ರಿ ಇರುವ ಗಾಳಿಯನ್ನು ಟರ್ಬೊ 10 ಪಿಎಸ್‌ಐಗೆ (ಅಂದರೆ ಹೊರಗಿನ ಗಾಳಿಗಿಂತ ಶೇ 70ರಷ್ಟು ಜಾಸ್ತಿ ಒತ್ತಡಕ್ಕೆ) ಒತ್ತಿದರೆ ಅದು ಹೆಚ್ಚುಕಡಿಮೆ 100 ಡಿಗ್ರಿಗೆ ಕಾಯುತ್ತದೆ. ಕಾದ ಗಾಳಿ ಹಿಗ್ಗಿಕೊಳ್ಳುತ್ತದೆ. ಶೇ 70ರಷ್ಟು ಜಾಸ್ತಿ ಗಾಳಿ ಸಿಗಬೇಕಾದ ಕಡೆ ಶೇ 40 ಕೂಡ ಸಿಗುವುದಿಲ್ಲ. ಇಂಟರ್‌ಕೂಲರ್ ಅದನ್ನು 50 ಡಿಗ್ರಿಗೆ ಇಳಿಸಿದರೆ ಶೇ 60ರ ಹತ್ತಿರ ಬರುತ್ತದೆ, ಪಿಸ್ಟನ್‌ಗೂ ಆರಾಮ. ಗಾಳಿ ಬಡಿಯುವ ಕಡೆ ಕೂರಿಸಬೇಕು, ಸುಮ್ನೆ ಬಾನೆಟ್ ಒಳಗೆ ಎಂಜಿನ್ ಬಿಸಿಯ ಪಕ್ಕ ಕಟ್ಟಿದರೆ ಪ್ರಯೋಜನ ಇಲ್ಲ. ರೇಡಿಯೇಟರ್ ಮುಂದೆ ಕೂರಿಸುವುದಾದರೆ ರೇಡಿಯೇಟರ್ ಕ್ಲೀನ್ ಇರಬೇಕು, ಎಸ್ಟೇಟ್ ರಸ್ತೆಯ ಧೂಳು ಕಟ್ಟಿಕೊಂಡಿರಬಾರದು.

ಕಾನೂನಿನ ವಿಷಯವನ್ನಂತೂ ನೀವು ಎತ್ತಲೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೂ ಇದನ್ನೇ. ಸಿಎನ್‌ಜಿ ಕಿಟ್‌ಗೆ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟು ಆರ್‌ಸಿಯಲ್ಲಿ ಬರೆಸುವ ದಾರಿ ಇದೆ. ಟರ್ಬೊಗೂ ಹಾಗೊಂದು ದಾರಿ ಮಾಡಿದರೆ ಕದ್ದುಮುಚ್ಚಿ ಕೂರಿಸುವುದು ನಿಲ್ಲುತ್ತದೆ, ಅಲ್ವಾ? ಜೆಟ್ ಬೇಕು, ಡಯಾಫ್ರಂ ಇರುವ ಪಂಪ್ ಬೇಕು, ಹೊಗೆ ಇಷ್ಟರ ಒಳಗಿರಬೇಕು ಅಂತ ಷರತ್ತು ಹಾಕಲಿ. ನಾವು ಕೆಲಸದವರು ಖುಷಿಯಿಂದ ಮಾಡಿಕೊಡುತ್ತೇವೆ.

ಟರ್ಬೊ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಘಾಟಿ ಹತ್ತುವ ಶಕ್ತಿ ಅಲ್ಲ, ಇನ್ನೂ ಹತ್ತು ಮೂಟೆ ಹೇರುವ ಶಕ್ತಿ. ಬ್ರೇಕು ಹಳೆಯದೇ, ಆಕ್ಸಲ್ ಹಳೆಯದೇ. ಹತ್ತಿದ ಗಾಡಿ ಶಿರಾಡಿಯಲ್ಲಿ ಇಳಿಯಲೂ ಬೇಕಲ್ಲ. ಅಂಥವರಿಗೆ ನಾನು ಪಂಪ್ ಮುಟ್ಟುವುದಿಲ್ಲ.

ಒಂದು ಕೋರಿಕೆ. ಆ ಬರಹದ ಪಕ್ಕ ಟರ್ಬೊದ ಲಾಭಗಳ ಬಾಕ್ಸ್ ಹಾಕಿದ್ದಿರಿ. ಈಗಾಗಲೇ ಕೂರಿಸಿಕೊಂಡವರಿಗಾಗಿ ಅಷ್ಟೇ ದೊಡ್ಡ ಇನ್ನೊಂದು ಬಾಕ್ಸ್ ಹಾಕಿ: ಟರ್ಬೊದಿಂದ ಆಯಿಲ್ ವಾಪಸ್ ಬರುವ ಪೈಪ್ ದಪ್ಪಗಿರಬೇಕು, ಎಲ್ಲೂ ಮೇಲಕ್ಕೆ ಏರದೆ ಇಳಿಜಾರಾಗಿ ಎಂಜಿನ್ ತಳದ ಆಯಿಲ್ ಸಂಪ್‌ಗೆ ಬರಬೇಕು. ಘಾಟಿ ಹತ್ತಿ ಬಂದ ತಕ್ಷಣ ಕೀ ತಿರುಗಿಸಿ ಆಫ್ ಮಾಡಬೇಡಿ, ಒಂದೆರಡು ನಿಮಿಷ ಸ್ಲೋನಲ್ಲಿ ಓಡಲು ಬಿಡಿ. ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಶಾಫ್ಟ್ ಅದು, ಆಯಿಲ್ ನಿಂತರೆ ಬೇರಿಂಗ್ ಸುಟ್ಟುಹೋಗುತ್ತದೆ.

— ಒಬ್ಬ ಪಂಪ್ ಮೆಕ್ಯಾನಿಕ್, ಸಕಲೇಶಪುರ