ಶುಗರ್, ಬಿಪಿ ಇರುವವರು ಆಸ್ಪತ್ರೆಗೆ ಯಾಕೆ ಬರಲಿಲ್ಲ?

ಮಾನ್ಯ ಸಂಪಾದಕರೇ,

ಕೋವಿಡ್ ಕಾಲದಲ್ಲಿ ಶುಗರ್, ಬಿಪಿ, ಹೃದಯದ ಕಾಯಿಲೆ ಇದ್ದವರು ತಪಾಸಣೆಗೆ ಬರದೆ ಮನೆಯಲ್ಲೇ ಕೂತರು, ಕೈಮೀರಿದ ಮೇಲೆ ಓಡಿ ಬಂದರು ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ತಪ್ಪೆಲ್ಲ ರೋಗಿಯದೇ ಅನ್ನುವ ಹಾಗೆ. ಇದನ್ನು ನಾನು ಒಪ್ಪುವುದಿಲ್ಲ.

65 ದಾಟಿದವರು, ಬೇರೆ ಕಾಯಿಲೆ ಇರುವವರು ಮನೆಯಲ್ಲೇ ಇರಬೇಕು ಅಂತ ಹೇಳಿದ್ದು ಸರ್ಕಾರವೇ, 2020ರಲ್ಲಿ. ಚಿಕಿತ್ಸೆಗೆ ಹೊರಗೆ ಹೋಗಬಹುದು ಅಂತಲೂ ಆದೇಶದಲ್ಲಿತ್ತು, ನಿಜ. ಆದರೆ ಹೋಗುವುದು ಎಲ್ಲಿಗೆ? ಲಾಕ್‌ಡೌನ್‌ನಲ್ಲಿ ಬಸ್ಸಿಲ್ಲ. ಬಡವರು ನಂಬಿಕೊಂಡಿದ್ದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನೇ ಕೋವಿಡ್‌ಗೆ ಮೀಸಲಿಟ್ಟರು. ಎರಡನೇ ಅಲೆ ಬಂದಾಗ ನಮ್ಮೂರಿನ ಆಸ್ಪತ್ರೆಯಲ್ಲಿ ಒಂದೇ ಬಾಗಿಲು, ಒಂದೇ ಚೀಟಿ ಸಾಲು, ಜ್ವರ ಬಂದು ಕೆಮ್ಮುತ್ತಿದ್ದವರೂ ತಿಂಗಳ ಮಾತ್ರೆಗೆ ಬಂದ ವಯಸ್ಸಾದವರೂ ಅದರಲ್ಲೇ ಒತ್ತಾಗಿ ನಿಂತಿದ್ದರು. ನಮ್ಮ ತಂದೆಗೆ ಶುಗರ್, ಬಿಪಿ ಎರಡೂ ಇದೆ. ಅಂಥ ಸಾಲಿಗೆ ಅವರನ್ನು ಕಳಿಸದೆ ಇದ್ದದ್ದು ಸರಿ ಅಂತಲೇ ಇವತ್ತೂ ಹೇಳುತ್ತೇನೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದೆವು. ದುಡ್ಡಿಲ್ಲದವರು ಅದನ್ನೂ ಬಿಟ್ಟರು.

ಆದರೆ ನಾವು ಮನೆಯಲ್ಲಿ ಕೂತರೆ ಕಾಯಿಲೆ ಸುಮ್ನೆ ಕೂರುವುದಿಲ್ಲ ಅಲ್ವಾ? ಡಯಾಲಿಸಿಸ್ ಬೇಕಾದವರನ್ನೇ ನೋಡಿ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ. ಒಂದೆರಡು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ, ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯ ರೋಗಿಗಳ ಹೆಸರು ದಾಖಲಾಗಿತ್ತು, 2020ರಲ್ಲಿ ಅದು 18 ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾಗಿ ಇಳಿದದ್ದಲ್ಲ, ಪತ್ತೆ ಹಚ್ಚುವ ಕೆಲಸ ಕುಂಟಿತು, ಜನ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. 2021ರಲ್ಲಿ ಬ್ಲ್ಯಾಕ್ ಫಂಗಸ್ ಎಂಬ ಶಿಲೀಂಧ್ರದ ಸೋಂಕು ಬಂದಾಗ ಹೆಚ್ಚಾಗಿ ಸಿಕ್ಕಿಕೊಂಡವರು ಯಾರು? ಹತೋಟಿ ತಪ್ಪಿದ ಶುಗರ್ ಇದ್ದು, ಕೋವಿಡ್‌ಗೆ ಸ್ಟಿರಾಯ್ಡ್ ತೆಗೆದುಕೊಂಡವರು. ಸ್ಟಿರಾಯ್ಡ್ ಶುಗರ್ ಏರಿಸುತ್ತದೆ, ತಿಂಗಳುಗಟ್ಟಲೆ ಶುಗರ್ ನೋಡಿಸದೆ ಇದ್ದವರಿಗೆ ಅದನ್ನು ಕೊಟ್ಟರೆ ಏನಾಗುತ್ತದೆ ಅಂತ ಯಾವ ವೈದ್ಯರನ್ನು ಬೇಕಾದರೂ ಕೇಳಿ.

ದಾರಿ ಇರಲಿಲ್ಲ ಅಂತೇನಲ್ಲ. ಎಚ್‌ಐವಿ ಇರುವವರಿಗೆ, ಅವರ ಚಿಕಿತ್ಸೆಗೆಂದೇ ಇರುವ ಎಆರ್‌ಟಿ ಕೇಂದ್ರಗಳಿಂದ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ವ್ಯವಸ್ಥೆಯನ್ನು ಅದೇ ಲಾಕ್‌ಡೌನ್‌ನಲ್ಲಿ ಮಾಡಿದರು. ಶುಗರ್, ಬಿಪಿ ಮಾತ್ರೆಗೆ ಯಾಕೆ ಆಗಬಾರದು? ಪಕ್ಕದ ತಮಿಳುನಾಡು 2021ರ ಆಗಸ್ಟ್‌ನಲ್ಲಿ ನಮ್ಮ ಗಡಿಗೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯಿಂದಲೇ ಶುರು ಮಾಡಿ, ಮಾತ್ರೆಯನ್ನು ಮನೆ ಬಾಗಿಲಿಗೆ ತಲುಪಿಸಿತು. ನಮ್ಮಲ್ಲೂ ಮನೆ ಮನೆಗೆ ಹೋಗಿ ಶುಗರ್, ಬಿಪಿ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು, ಒಳ್ಳೆಯ ಕೆಲಸ. ಆದರೆ ಅದು ಎಲ್ಲ ಸರಿಯಿರುವ ಕಾಲದ ಯೋಜನೆ. ಸಾಂಕ್ರಾಮಿಕ ಬಂದ ದಿನ ಆಶಾ ಕಾರ್ಯಕರ್ತೆಯರನ್ನೂ ನರ್ಸ್‌ಗಳನ್ನೂ ಮೊದಲು ಎಳೆದುಕೊಳ್ಳುವುದು ಬೇರೆ ಕೆಲಸಕ್ಕೇ, 2020ರಲ್ಲಿ ಆದದ್ದೂ ಅದೇ.

ಹಾಗಾಗಿ ಆರೋಗ್ಯ ಇಲಾಖೆ ಈಗಲೇ ಒಂದು ಲಿಖಿತ ಆದೇಶ ಮಾಡಿಡಲಿ. ಇಂಥ ಸಾಂಕ್ರಾಮಿಕದ ತುರ್ತು ಪರಿಸ್ಥಿತಿ ಘೋಷಣೆಯಾದ ಕೂಡಲೇ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂರು ತಿಂಗಳ ಮಾತ್ರೆ ಸಿಗಬೇಕು. ಜ್ವರದವರಿಗೆ ಬೇರೆ ಬಾಗಿಲು ಇರಬೇಕು. ಡಯಾಲಿಸಿಸ್‌ನವರಿಗೆ ವಾಹನ ಗೊತ್ತುಮಾಡಿರಬೇಕು. ಒಂದು ಜಿಲ್ಲೆಯ ದೊಡ್ಡ ಆಸ್ಪತ್ರೆಯನ್ನು ಪೂರ್ತಿಯಾಗಿ ಒಂದೇ ರೋಗಕ್ಕೆ ಬಿಟ್ಟುಕೊಡುವ ಮೊದಲು, ಅಲ್ಲಿಗೆ ಬರುತ್ತಿದ್ದ ಉಳಿದವರು ಎಲ್ಲಿಗೆ ಹೋಗಬೇಕು ಅಂತ ಹೆಸರು, ಫೋನ್ ನಂಬರ್ ಸಮೇತ ಪತ್ರಿಕೆಯಲ್ಲಿ ಹಾಕಿಸಲಿ.

ಒಬ್ಬ ಓದುಗ, ತುಮಕೂರು